ಹಳೆಯ ಲಾರಿಗೆ ಒಪ್ಪುವ ಡಿಸ್ಕ್

ಲಾರಿಯ ಚಕ್ರದಲ್ಲಿ ಕಣ್ಣಿಗೆ ಬೀಳುವುದು ಟಯರು. ಆ ಟಯರನ್ನು ಹಿಡಿದು ಹಬ್‌ಗೆ ಕಟ್ಟಿಹಾಕುವುದು ಒಳಗಿನ ಉಕ್ಕಿನ ಭಾಗ. ಪಂಕ್ಚರ್ ಅಂಗಡಿಗಳಲ್ಲಿ ಅದಕ್ಕೆ ‘ಡಿಸ್ಕ್’ ಎಂದೇ ಹೆಸರು. ಟಯರು ಸವೆದರೆ ಹೊಸದು ಬರುತ್ತದೆ, ಇಲ್ಲವೇ ಅದೇ ಟಯರು ರಿಸೋಲ್ ಆಗಿ ಮರಳುತ್ತದೆ. ಡಿಸ್ಕ್ ಮಾತ್ರ ಹತ್ತಿಪ್ಪತ್ತು ವರ್ಷ ಹಾಗೆಯೇ ಉಳಿಯುತ್ತದೆ. ನಟ್ ಕೂರುವ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದಾಗಲೋ, ಒಂದು ತೂತಿನಿಂದ ಇನ್ನೊಂದಕ್ಕೆ ಬಿರುಕು ಹರಿದಾಗಲೋ, ರಿಂಗ್ ಕೂರುವ ತೋಡನ್ನು ತುಕ್ಕು ತಿಂದಾಗಲೋ ಅದನ್ನು ಬದಲಿಸುವ ಪ್ರಸಂಗ ಬರುತ್ತದೆ. ಆಗ ಲಾರಿ ತಯಾರಾದ ಕಾಲದ ಡಿಸ್ಕ್ ಷೋರೂಮಿನಲ್ಲಿ ಸಿಗುವುದು ಅಪರೂಪ. ಗುಜರಿಯಲ್ಲಿ ಸಿಕ್ಕಿದ್ದು, ಬೇರೆ ಮಾದರಿಯ ಲಾರಿಯಿಂದ ಬಿಚ್ಚಿದ್ದು, ಇಲ್ಲವೇ ಹೊಸ ಅಳತೆಯದ್ದು, ಇಷ್ಟರಲ್ಲೇ ಆಯ್ಕೆ.

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಸುತ್ತ ಹಳೆಯ ಲಾರಿಗೆ ಕೆಲಸಕ್ಕೆ ಬರವಿಲ್ಲ. ಇಚಲಕರಂಜಿಯ ಪವರ್‌ಲೂಮ್‌ಗಳಿಗೆ ನೂಲಿನ ಬೇಲು ಬರಬೇಕು, ಬಟ್ಟೆಯ ತಾಗಾ ಹೊರಡಬೇಕು. ಗಡಹಿಂಗ್ಲಜದ ಪೇಟೆಗೆ ಮೆಣಸಿನಕಾಯಿ ಮತ್ತು ಬೆಲ್ಲ, ಶಿರೋಳಿ ಮತ್ತು ಗೋಕುಳ ಶಿರಗಾಂವದ ಫೌಂಡ್ರಿಗಳಿಗೆ ಕಚ್ಚಾ ಕಬ್ಬಿಣ ಮತ್ತು ಮರಳು, ಕೊಲ್ಹಾಪುರ ಜಿಲ್ಲೆಯ ಪಶ್ಚಿಮದ ಬೆಟ್ಟಗಳಿಂದ ಬೆಳಗಾವಿಯ ಕಾರ್ಖಾನೆಗೆ ಬಾಕ್ಸೈಟ್ ಸಾಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ ದೀಪಾವಳಿಯ ಆಸುಪಾಸಿನಿಂದ ಬೇಸಿಗೆಯವರೆಗೆ ಕಬ್ಬಿನ ಹಂಗಾಮು. ಹೊಲದ ಕೆಸರಿನಿಂದ ಡಾಂಬರಿಗೆ ಹತ್ತುವ, ಹೊರೆಯೊಡನೆ ಗಂಟೆಗಟ್ಟಲೆ ಕಾರ್ಖಾನೆಯ ಅಂಗಳದಲ್ಲಿ ನಿಲ್ಲುವ ಕೆಲಸಕ್ಕೆ ಹೊಸ ಲಾರಿ ಕೊಳ್ಳುವವರು ಕಡಿಮೆ. ಹೆದ್ದಾರಿಯಲ್ಲಿ ವಯಸ್ಸು ಕಳೆದ 1613, 1109ಗಳೇ ಅಲ್ಲಿ ದುಡಿಯುತ್ತವೆ. ಟಾಟಾದ ಈ ಅಂಕಿಗಳಲ್ಲಿ ಮೊದಲ ಎರಡು ಒಟ್ಟು ತೂಕವನ್ನು ಟನ್ನಿನಲ್ಲಿ, ಉಳಿದೆರಡು ಎಂಜಿನ್ನಿನ ಶಕ್ತಿಯನ್ನು ಹತ್ತರ ಲೆಕ್ಕದಲ್ಲಿ ಹೇಳುತ್ತವೆ: 1613 ಎಂದರೆ 16 ಟನ್, 130 ಅಶ್ವಶಕ್ತಿ. 1954ರಲ್ಲಿ ಡೈಮ್ಲರ್-ಬೆಂಜ್ ಜೊತೆಗಿನ ಒಪ್ಪಂದದಿಂದ ಆರಂಭವಾದ ಈ ವಂಶದ ಲಾರಿಗಳಲ್ಲಿ ಜರ್ಮನ್ ಅಳತೆಗಳ ಛಾಯೆ ಉಳಿದುಕೊಂಡಿದೆ. ಅಶೋಕ್ ಲೇಲ್ಯಾಂಡ್‌ನ ಹಳೆಯ ಗಾಡಿಗಳ ಬೇರು ಬ್ರಿಟನ್ನಿನದು. ಒಂದೇ ಟಯರು ಎರಡಕ್ಕೂ ಹೊಂದಬಹುದು. ಟಯರು ಹೊಂದಿತೆಂದು ಡಿಸ್ಕೂ ಹೊಂದುತ್ತದೆ ಎಂದುಕೊಂಡಲ್ಲೇ ಹೆಚ್ಚಿನ ತಪ್ಪುಗಳು ಹುಟ್ಟುತ್ತವೆ.

ಟಯರಿನ ಬದಿಯಲ್ಲಿರುವ 10.00-20 ಎಂಬ ಬರಹದಲ್ಲಿ ಮೊದಲ ಅಂಕಿ ಟಯರಿನ ಅಗಲ, ಎರಡನೆಯದು ಅದು ಕೂರುವ ರಿಮ್ಮಿನ, ಅಂದರೆ ಡಿಸ್ಕಿನ ಹೊರಬಳೆಯ, ವ್ಯಾಸ, ಎರಡೂ ಇಂಚಿನಲ್ಲಿ. ಇದಕ್ಕೆ ತಕ್ಕ ರಿಮ್ 7.5-20. ಇಲ್ಲಿಯ 7.5 ಎಂದರೆ ರಿಮ್ಮಿನ ಎರಡು ತುಟಿಗಳ ನಡುವಿನ ಅಂತರ, ಮಿಲಿಮೀಟರಿನಲ್ಲಿ 190. 9.00-20ಕ್ಕೆ 7.0 ಇಂಚಿನ ರಿಮ್, 8.25-20ಕ್ಕೆ 6.5 ಇಂಚಿನದು. ರಿಮ್ ಕಿರಿದಾದರೆ ಟಯರಿನ ಹೊಟ್ಟೆ ಉಬ್ಬಿ ತುಳಿಪಟ್ಟಿಯ ನಡುಭಾಗವೇ ಬೇಗ ಸವೆಯುತ್ತದೆ; ಅಗಲವಾದರೆ ಟಯರು ಕಾಲು ಚಾಚಿ ಕೂತು ಬದಿಗೋಡೆ ಬಿಗಿಯುತ್ತದೆ. ಅರ್ಧ ಇಂಚಿನ ಹೆಚ್ಚುಕಡಿಮೆಗೆ ಟಯರು ತಯಾರಕರು ಅವಕಾಶ ಕೊಟ್ಟಿರುತ್ತಾರೆ, ಅದರಾಚೆಗಲ್ಲ.

ಹಳೆಯ ಲಾರಿಯ ರಿಮ್ ಒಂದೇ ತುಂಡಿನದಲ್ಲ. ಟಯರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿಯ ಸುರುಳಿ ಇರುತ್ತದೆ. ಬೀಡ್ ಎಂದು ಕರೆಯುವ ಆ ಅಂಚು ಹಿಗ್ಗುವುದಿಲ್ಲ, ಹಾಗಾಗಿ ರಿಮ್ಮಿನ ಎತ್ತರದ ತುಟಿಯನ್ನು ದಾಟಿ ಒಳಗೆ ಹೋಗಲಾರದು. ಅದಕ್ಕೇ ಒಂದು ಬದಿಯ ತುಟಿಯನ್ನು ಬೇರೆ ರಿಂಗಾಗಿ ಮಾಡಿ, ಟಯರು ತೂರಿಸಿದ ಮೇಲೆ ರಿಂಗನ್ನು ಕೂರಿಸಿ, ತೋಡಿನಲ್ಲಿ ಲಾಕ್ ರಿಂಗ್ ಸಿಕ್ಕಿಸುತ್ತಾರೆ. ಒಳಗೆ ಟ್ಯೂಬ್, ಟ್ಯೂಬಿಗೂ ರಿಮ್ಮಿಗೂ ನಡುವೆ ರಬ್ಬರಿನ ಫ್ಲ್ಯಾಪ್. ಗಾಳಿ ತುಂಬಿದ ಮೇಲೆ ಎಲ್ಲವನ್ನೂ ಹಿಡಿದಿರುವುದು ಆ ಬೆರಳು ದಪ್ಪದ ಲಾಕ್ ರಿಂಗ್. 10.00-20 ಟಯರಿನಲ್ಲಿ ಚದರ ಇಂಚಿಗೆ 100 ಪೌಂಡ್ ಗಾಳಿ ಇದ್ದಾಗ ಬದಿಯ ರಿಂಗನ್ನು ಹೊರದೂಡುವ ಒಟ್ಟು ಬಲ ಸುಮಾರು 20 ಟನ್. ಲಾರಿಯೇ ತುಂಬಿದಾಗ ತೂಗುವುದು 16 ಟನ್.

ಹಾಗಾಗಿ ಹಳೆಯ ರಿಮ್ ಕೊಳ್ಳುವಾಗ ರಿಂಗುಗಳು ಅದೇ ರಿಮ್ಮಿನವೇ ಎಂದು ನೋಡುವುದು ಎಲ್ಲಕ್ಕಿಂತ ಮೊದಲ ಕೆಲಸ. ಬೇರೆ ತಯಾರಕರ ರಿಂಗುಗಳು ನೋಡಲು ಒಂದೇ ಥರ ಇರುತ್ತವೆ, ಕೈಯಲ್ಲಿ ಒತ್ತಿದರೆ ಕೂತಂತೆಯೂ ಕಾಣುತ್ತವೆ. ತೋಡಿನ ಇಳಿಜಾರಿನಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸವಿದ್ದರೆ ಗಾಳಿ ತುಂಬುವಾಗಲೋ ಆಮೇಲೋ ಹಾರುತ್ತವೆ. ರಿಂಗು ಮತ್ತು ರಿಮ್ ಎರಡರ ಮೇಲೂ ತಯಾರಕರ ಗುರುತು, ಅಳತೆ ಒತ್ತಿರುತ್ತವೆ. ತಂತಿಬ್ರಶ್ಶಿನಲ್ಲಿ ತುಕ್ಕು ಉಜ್ಜಿ ಅವನ್ನು ಓದಿ ಹೋಲಿಸಬೇಕು. ಓದಲು ಬಾರದಷ್ಟು ಸವೆದಿದ್ದರೆ ಆ ರಿಂಗ್ ಗುಜರಿಗೇ ಸರಿ. ಅಮೆರಿಕದಲ್ಲಿ ಇಂಥ ರಿಮ್‌ಗಳ ಅಪಘಾತ ಹೆಚ್ಚಿ, 1980ರಲ್ಲಿ ಉಕ್ಕಿನ ಪಂಜರದೊಳಗೆ ಇಟ್ಟೇ ಗಾಳಿ ತುಂಬಬೇಕೆಂಬ ನಿಯಮ ಬಂತು. ನಮ್ಮ ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಪಂಜರ ಕಾಣುವುದು ವಿರಳ. ರಿಂಗಿನ ಬದಿಯನ್ನು ನೆಲಕ್ಕೆ ಮಾಡಿ ಮಲಗಿಸುವುದು, ಡಿಸ್ಕಿನ ಕಿಂಡಿಯಲ್ಲಿ ದಪ್ಪ ಸರಪಳಿ ಹಾಯಿಸುವುದು ಕಂಡುಬರುತ್ತದೆ. ಏನೂ ಇಲ್ಲದ್ದಕ್ಕಿಂತ ಅದು ಮೇಲು, ಪಂಜರಕ್ಕೆ ಮಾತ್ರ ಸಾಟಿಯಲ್ಲ. ಜೋಡಿ ಚಕ್ರ ಬಿಚ್ಚುವಾಗ ಎರಡೂ ಟಯರಿನ ಗಾಳಿ ಇಳಿಸಿ ಆಮೇಲೆ ನಟ್ ಮುಟ್ಟಬೇಕೆಂಬ ನಿಯಮದ ಕಾರಣವೂ ಇದೇ: ಒಡೆದ ರಿಂಗನ್ನು ಪಕ್ಕದ ಡಿಸ್ಕೇ ಒತ್ತಿ ಹಿಡಿದಿದ್ದರೆ, ನಟ್ ಸಡಿಲಿಸಿದ ಕ್ಷಣ ಅದಕ್ಕೆ ದಾರಿ ಸಿಗುತ್ತದೆ.

ರಿಮ್ ಟಯರಿಗೆ ಒಪ್ಪಿದ ಮೇಲೆ ಡಿಸ್ಕ್ ಹಬ್‌ಗೆ ಒಪ್ಪಬೇಕು. ಇಲ್ಲಿ ಮೂರು ಅಳತೆಗಳು: ಹಬ್‌ನಿಂದ ಚಾಚಿ ನಟ್ ಹಿಡಿಯುವ ಸ್ಟಡ್‌ಗಳ ಸಂಖ್ಯೆ, ಅವುಗಳ ಕೇಂದ್ರಗಳು ಕೂತಿರುವ ವೃತ್ತದ ವ್ಯಾಸ, ನಡುವಿನ ದೊಡ್ಡ ತೂತಿನ ವ್ಯಾಸ. ಎರಡನೆಯದನ್ನು ಗ್ಯಾರೇಜುಗಳಲ್ಲಿ ಪಿಸಿಡಿ ಎನ್ನುತ್ತಾರೆ. ಯುರೋಪಿನ ಲಾರಿಗಳಲ್ಲಿ ನೆಲೆನಿಂತ ಎರಡು ಜೋಡಣೆಗಳೆಂದರೆ 10 ಸ್ಟಡ್, 335 ಮಿಮೀ ಪಿಸಿಡಿ, 281 ಮಿಮೀ ನಡುತೂತು. ಮತ್ತು 8 ಸ್ಟಡ್, 275 ಮಿಮೀ ಪಿಸಿಡಿ, 221 ಮಿಮೀ ನಡುತೂತು. ಅಮೆರಿಕದ ಮಾದರಿಯಲ್ಲಿ 10 ಸ್ಟಡ್‌ಗಳೇ ಇದ್ದರೂ ವೃತ್ತ 285.75 ಮಿಮೀ, ಅಂದರೆ ಹನ್ನೊಂದೂಕಾಲು ಇಂಚು. ‘ಹತ್ತು ತೂತಿನ ಡಿಸ್ಕ್ ಬೇಕು’ ಎಂದಷ್ಟೇ ಫೋನಿನಲ್ಲಿ ಹೇಳಿ ತರಿಸಿದವರು ಬಾಡಿಗೆ ತೆತ್ತು ವಾಪಸು ಕಳಿಸುವುದು ಇದರಿಂದಲೇ.

ಸಮಸಂಖ್ಯೆಯ ಸ್ಟಡ್ ಇದ್ದರೆ ಪಿಸಿಡಿ ಅಳೆಯುವುದು ಸುಲಭ. ಎದುರುಬದುರಿನ ಎರಡು ಸ್ಟಡ್‌ಗಳಲ್ಲಿ ಒಂದರ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಟೇಪು ಹಿಡಿದರೆ ಅದೇ ಕೇಂದ್ರದಿಂದ ಕೇಂದ್ರಕ್ಕೆ ಇರುವ ದೂರ. ಹಬ್‌ನ ಮೂತಿ ಅಡ್ಡ ಬಂದು ಟೇಪು ನೇರ ನಿಲ್ಲದಿದ್ದರೆ ಪಕ್ಕಪಕ್ಕದ ಎರಡು ಸ್ಟಡ್‌ಗಳ ನಡುವಿನ ಅಂತರ ಅಳೆದು ಗುಣಿಸಬೇಕು: 6 ಸ್ಟಡ್ ಇದ್ದರೆ 2ರಿಂದ, 8 ಇದ್ದರೆ 2.613ರಿಂದ, 10 ಇದ್ದರೆ 3.236ರಿಂದ. ಆರಕ್ಕೆ ಲೆಕ್ಕ ಇಷ್ಟು ಸರಳವಾಗಲು ಕಾರಣ ಷಟ್ಕೋನ. ವೃತ್ತದೊಳಗಿನ ಷಟ್ಕೋನದ ಬಾಹು ತ್ರಿಜ್ಯಕ್ಕೆ ಸಮ ಎಂಬುದು ಶಾಲೆಯಲ್ಲಿ ಕೈವಾರ ಹಿಡಿದವರಿಗೆಲ್ಲ ಗೊತ್ತು. ಈ ಗುಣಾಕಾರ ಬಿಟ್ಟು ಕಣ್ಣಂದಾಜಿಗೆ ಬಿದ್ದರೆ ಮೋಸ. 10 ಸ್ಟಡ್‌ನ 335ರಲ್ಲಿ ಪಕ್ಕದ ಅಂತರ 103.5 ಮಿಮೀ, 8 ಸ್ಟಡ್‌ನ 275ರಲ್ಲಿ 105.2. ಎರಡು ಮಿಮೀ ಕೂಡ ವ್ಯತ್ಯಾಸವಿಲ್ಲ! ಡಿಸ್ಕಿನ ಚೂರೊಂದನ್ನು ತಂದು ಎರಡು ಸ್ಟಡ್‌ಗೆ ಹಿಡಿದು ನೋಡಿದರೆ ಬೇರೆಯದೇ ಡಿಸ್ಕ್ ‘ಸರಿ’ ಎಂದು ತೋರೀತು.

ಪಿಸಿಡಿ ಎರಡು ಮೂರು ಮಿಮೀ ತಪ್ಪಿದ್ದರೆ ತೂತನ್ನು ಅರದಿಂದ ಉಜ್ಜಿ ಹಿಗ್ಗಿಸುವ, ಇಡೀ ವೃತ್ತವೇ ಬೇರೆಯಾದರೆ ಹಳೆ ತೂತು ಬೆಸುಗೆಯಲ್ಲಿ ಮುಚ್ಚಿ ಹೊಸದು ಕೊರೆಯುವ ಸಲಹೆ ಬರುತ್ತದೆ. ಲೇಥು, ಡ್ರಿಲ್ಲು, ಬೆಸುಗೆಗೆ ಕೊಲ್ಹಾಪುರದ ಉದ್ಯಮನಗರದಲ್ಲಿ ಕೊರತೆಯಿಲ್ಲ. ನೂರಾರು ಬಗೆಯ ಬಿಡಿಭಾಗಗಳನ್ನು ಕೈಚಳಕದಿಂದ ಮಾಡಿಕೊಡುವ ಊರು ಅದು. ಆದರೂ ಡಿಸ್ಕಿನ ವಿಷಯದಲ್ಲಿ ಆ ಚಳಕ ಬೇಡ. ಚಕ್ರ ಒಂದು ಸುತ್ತು ತಿರುಗಿದಾಗ ಡಿಸ್ಕಿನ ಪ್ರತಿ ಬಿಂದು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಬಾಗುತ್ತದೆ. ಒಂದು ಕಿಲೋಮೀಟರಿಗೆ 300 ಸಲ, ಲಕ್ಷ ಕಿಲೋಮೀಟರಿಗೆ 3 ಕೋಟಿ ಸಲ. ತಂತಿಯನ್ನು ಮೇಲೆ ಕೆಳಗೆ ಬಗ್ಗಿಸಿ ಮುರಿಯುವ ಬಗೆಯೇ ಇದು, ನಿಧಾನವಾಗಿ. ಬೆಸುಗೆಯ ಪಕ್ಕದಲ್ಲಿ ಉಕ್ಕಿನ ಗುಣ ಬದಲಾಗಿರುತ್ತದೆ, ಅರ ಆಡಿದ ತೂತಿನಂಚಿನಲ್ಲಿ ಗೀರುಗಳಿರುತ್ತವೆ, ಬಿರುಕು ಹುಟ್ಟುವುದು ಇಂಥಲ್ಲೇ. ಇನ್ನು ಟಯರು ಇರುವಾಗಲೇ ರಿಮ್ಮಿಗೆ ಬೆಸುಗೆ ಹಚ್ಚುವುದು ನೇರ ಅಪಾಯ: ಒಳಗಿನ ರಬ್ಬರು ಕಾದು ಉರಿಯುವ ಅನಿಲ ಬಿಡುತ್ತದೆ, ಗಾಳಿ ಇಳಿಸಿದ್ದರೂ ಟಯರು ಸಿಡಿಯಬಹುದು.

ತೂತುಗಳು ಹೊಂದಿದರೂ ನಟ್ ಕೂರುವ ಬಗೆ ಹೊಂದಬೇಕು. ಹಳೆಯ ಪದ್ಧತಿಯಲ್ಲಿ ಡಿಸ್ಕಿನ ತೂತಿನ ಬಾಯಿ ಬಟ್ಟಲಿನಂತೆ ಇಳಿಜಾರು, ನಟ್ಟಿನ ಮೂತಿ ಅದಕ್ಕೆ ತಕ್ಕಂತೆ ಗುಂಡಾಗಿ ಅಥವಾ ಶಂಕುವಿನಂತೆ ಇರುತ್ತದೆ; ಡಿಸ್ಕನ್ನು ಹಬ್‌ನ ನಡುವಿಗೆ ತರುವುದು ಈ ನಟ್ಟುಗಳೇ. ಹೊಸ ಪದ್ಧತಿಯಲ್ಲಿ ನಡುತೂತು ಹಬ್‌ನ ಉಬ್ಬಿನ ಮೇಲೆ ಬಿಗಿಯಾಗಿ ಕೂರುತ್ತದೆ, ನಟ್ಟಿಗೆ ತಿರುಗುವ ಚಪ್ಪಟೆ ವಾಷರ್ ಇರುತ್ತದೆ, ಅದರ ಕೆಲಸ ಒತ್ತುವುದಷ್ಟೇ. ಹಳೆಯ ಹಬ್‌ಗೆ ಹೊಸ ಡಿಸ್ಕ್ ಹಾಕಿ ಹಳೆಯ ಗುಂಡು ನಟ್ ಬಿಗಿದರೆ ನಟ್ ತೂತಿನ ಚೂಪು ಅಂಚಿನ ಮೇಲೆ ಒಂದು ಗೆರೆಯಷ್ಟೇ ತಾಗುತ್ತದೆ. ಪಾನಾ ಬಿಗಿ ತೋರಿಸುತ್ತದೆ, ಆ ಗೆರೆ ನಾಲ್ಕು ದಿನದಲ್ಲಿ ಜಜ್ಜಿ ಹೋಗುತ್ತದೆ. ತಿರುವುಮುರುವಾಗಿ, ಇಳಿಜಾರು ತೂತಿಗೆ ಚಪ್ಪಟೆ ನಟ್ ಹಾಕಿದರೆ ಡಿಸ್ಕ್ ನಡುವಿಗೆ ಬರುವುದೇ ಇಲ್ಲ. ಸ್ಟಡ್ ದಪ್ಪಕ್ಕೂ ತೂತಿಗೂ ಇರುವ ಸಡಿಲದಷ್ಟು ಪಕ್ಕಕ್ಕೆ ಸರಿದು ಕೂತು, ಚಕ್ರ ಕುಂಟುತ್ತದೆ.

ನಟ್ ಬಿಗಿಯುವುದರ ಹಿಂದಿನ ಭೌತಶಾಸ್ತ್ರ ಸ್ವಲ್ಪ ನಿಂತು ನೋಡುವಂಥದ್ದು. ಲಾರಿಯ ಭಾರ ಸ್ಟಡ್‌ಗಳ ಮೇಲೆ ಕೂತಿದೆ ಎಂದು ಯಾರಿಗಾದರೂ ಅನಿಸುತ್ತದೆ. ಹಾಗಿಲ್ಲ. ನಟ್ ಬಿಗಿದಾಗ ಸ್ಟಡ್ ರಬ್ಬರ್ ಬ್ಯಾಂಡಿನಂತೆ ಹಿಗ್ಗುತ್ತದೆ. ಹಿಗ್ಗಿದ ಸ್ಟಡ್ ಮತ್ತೆ ಕುಗ್ಗಲು ಎಳೆಯುವುದರಿಂದ ಡಿಸ್ಕ್ ಹಬ್‌ಗೆ ಒತ್ತಿಕೊಳ್ಳುತ್ತದೆ. ಭಾರ ಹೊರುವುದು ಆ ಒತ್ತಡದಿಂದ ಹುಟ್ಟುವ ಘರ್ಷಣೆ. 22 ಮಿಮೀ ದಪ್ಪದ ಸ್ಟಡ್‌ಗೆ ಸಾಮಾನ್ಯವಾಗಿ 600 ನ್ಯೂಟನ್-ಮೀಟರಿನ ಆಸುಪಾಸಿನ ಬಿಗಿತ ಹೇಳಿರುತ್ತಾರೆ, ನಿಖರ ಸಂಖ್ಯೆ ಆಯಾ ಲಾರಿಯ ಕೈಪಿಡಿಯಲ್ಲಿರುತ್ತದೆ. 75 ಕಿಲೋ ತೂಕದ ಆಳು 80 ಸೆಂಟಿಮೀಟರ್ ಉದ್ದದ ಹಿಡಿಯ ತುದಿಗೆ ತನ್ನ ಪೂರ್ತಿ ಭಾರ ಬಿಟ್ಟರೆ ಹೆಚ್ಚೂಕಡಿಮೆ ಅಷ್ಟೇ ಆಗುತ್ತದೆ. ಅದರಿಂದ ಪ್ರತಿ ಸ್ಟಡ್ ಸುಮಾರು 14 ಟನ್ ಬಲದಿಂದ ಎಳೆಯುತ್ತದೆ, ಹತ್ತು ಸ್ಟಡ್ ಸೇರಿ 140 ಟನ್. ಉಕ್ಕಿಗೂ ಎರಕಕ್ಕೂ ನಡುವಿನ ಘರ್ಷಣೆ ಅದರ ಏಳನೆಯ ಒಂದಂಶ ಎಂದಿಟ್ಟರೂ 20 ಟನ್ ಹಿಡಿತ. ಹಿಂದಿನ ಆಕ್ಸಲಿನ ಒಂದು ತುದಿಗೆ ಬರುವ ಭಾರ 5 ಟನ್ ಚಿಲ್ಲರೆ. ಗುಂಡಿ, ಬ್ರೇಕು, ತಿರುವುಗಳಿಗೆ ಉಳಿದದ್ದು.

ಇಷ್ಟು ದೊಡ್ಡ ಬಲ ನಿಂತಿರುವುದು ಬಹಳ ಚಿಕ್ಕ ಹಿಗ್ಗಿನ ಮೇಲೆ. 14 ಟನ್ ಎಳೆತಕ್ಕೆ ಸ್ಟಡ್ ಹಿಗ್ಗುವುದು ಮಿಲಿಮೀಟರಿನ ಹತ್ತನೆಯ ಒಂದಂಶಕ್ಕೂ ಕಡಿಮೆ. ಬಣ್ಣದ ಒಂದು ಪದರವೇ ಅದರ ಅರ್ಧದಷ್ಟು ದಪ್ಪ ಇರುತ್ತದೆ. ಗುಜರಿಯ ಡಿಸ್ಕಿಗೆ ಹೊಸದರ ಹೊಳಪು ಬರಲೆಂದು ಎರಡೂ ಮುಖಕ್ಕೆ ದಪ್ಪಗೆ ಬಣ್ಣ ಬಳಿದಿದ್ದರೆ, ಜೋಡಿ ಚಕ್ರದಲ್ಲಿ ಹಬ್ ಮತ್ತು ಒಳ ಡಿಸ್ಕಿನ ನಡುವೆ, ಎರಡು ಡಿಸ್ಕುಗಳ ನಡುವೆ, ನಟ್ಟಿನ ಕೆಳಗೆ ಹೀಗೆ ಪದರದ ಮೇಲೆ ಪದರ ಸೇರುತ್ತದೆ. ಹೊರೆ ಬಿದ್ದು ಬ್ರೇಕಿನ ಡ್ರಮ್ ಕಾದಾಗ ಬಣ್ಣ ಮೆತ್ತಗಾಗಿ ಜಾರಿ ಹೋಗುತ್ತದೆ, ಸ್ಟಡ್‌ನ ಹಿಗ್ಗು ಇಳಿಯುತ್ತದೆ, ಜೊತೆಗೆ ಹಿಡಿತವೂ. ನಟ್ ಒಂದಿಷ್ಟೂ ತಿರುಗದೆಯೇ ಸಡಿಲವಾಗುವ ಚಮತ್ಕಾರ ಇದು. ಹಾಕುವ ಮೊದಲು ತಾಗುವ ಮುಖಗಳನ್ನು ಬರಿ ಲೋಹಕ್ಕೆ ಕೆರೆದುಕೊಳ್ಳಬೇಕು. ಬಣ್ಣ ಬೇಕಾದದ್ದು ರಿಂಗಿನ ತೋಡಿಗೆ ಮತ್ತು ಹೊರಮೈಗೆ.

ಪಾನಾದ ಹಿಡಿಗೆ ನಾಲ್ಕಡಿ ಪೈಪು ತೂರಿಸಿ ಮೇಲೆ ನಿಂತು ಕುಣಿಯುವುದು ಹೆದ್ದಾರಿಯ ಸಾಮಾನ್ಯ ನೋಟ. ಅದೇ 75 ಕಿಲೋ ಆಳು 1.2 ಮೀಟರ್ ಪೈಪಿನ ತುದಿಯಲ್ಲಿ ಸುಮ್ಮನೆ ನಿಂತರೇ 880 ನ್ಯೂಟನ್-ಮೀಟರ್, ಕುಣಿದರೆ ಇನ್ನೂ ಹೆಚ್ಚು. ಅಷ್ಟಕ್ಕೆ ಸ್ಟಡ್ ತನ್ನ ಸ್ಥಿತಿಸ್ಥಾಪಕತೆಯ ಮೇರೆ ದಾಟಿ ಶಾಶ್ವತವಾಗಿ ಉದ್ದವಾಗತೊಡಗುತ್ತದೆ, ಅದರಿಂದಾಚೆಗೆ ಎಳೆಯುವ ಗುಣವೇ ಕುಂದುತ್ತದೆ. ಬ್ರಿಟಿಷ್ ಬೇರಿನ ಕೆಲವು ಹಳೆಯ ಗಾಡಿಗಳಲ್ಲಿ ಎಡಗಡೆಯ ಚಕ್ರಗಳಿಗೆ ಉಲ್ಟಾ ಪೇಚು ಇರುತ್ತದೆ. ಬಿಚ್ಚುತ್ತಿದ್ದೇವೆಂದು ಬಿಗಿದು ಸ್ಟಡ್ ಕತ್ತರಿಸಿದ ಹೊಸ ಕ್ಲೀನರ್‌ಗಳಿಗೆ ಲೆಕ್ಕವಿಲ್ಲ. ಡಿಸ್ಕ್ ಬದಲಿಸುವಾಗ ಸ್ಟಡ್ ತುದಿಯಲ್ಲಿ ಎಡ ಪೇಚಿನ ಗುರುತಿದೆಯೇ ಎಂದು ನೋಡಿ, ನಟ್ಟುಗಳನ್ನು ಎಡ-ಬಲ ಬೇರೆ ಡಬ್ಬಿಗಳಲ್ಲಿ ಇಡುವುದು ಒಳ್ಳೆಯದು. ಡಿಸ್ಕಿನ ದಪ್ಪವೂ ಇಲ್ಲಿಯೇ ಲೆಕ್ಕಕ್ಕೆ ಬರುತ್ತದೆ: ಹಳೆಯದಕ್ಕಿಂತ ದಪ್ಪ ಡಿಸ್ಕ್, ಅದರಲ್ಲೂ ಅಲ್ಯೂಮಿನಿಯಂನದು ಬಂದರೆ ಹಳೆಯ ಸ್ಟಡ್ ನಟ್ಟಿನ ಆಚೆಗೆ ಹೊರಬರುವಷ್ಟು ಉದ್ದ ಉಳಿಯುವುದಿಲ್ಲ.

ಇನ್ನು ಆಫ್‌ಸೆಟ್. ಲಾರಿಯ ಡಿಸ್ಕ್ ಆಯ್ಕೆಯಲ್ಲಿ ಇಷ್ಟು ಮುಖ್ಯವಾಗಿದ್ದೂ ಇಷ್ಟು ಅಲಕ್ಷ್ಯಕ್ಕೆ ಒಳಗಾದ ಅಳತೆ ಬೇರೊಂದಿಲ್ಲ. ಹಿಂದಿನ ಆಕ್ಸಲಿನಲ್ಲಿ ಎರಡು ಡಿಸ್ಕುಗಳು ಬೆನ್ನಿಗೆ ಬೆನ್ನು ತಾಗಿಸಿ ಕೂರುತ್ತವೆ. ರಿಮ್ಮಿನ ನಡುಗೆರೆಯಿಂದ ಈ ತಾಗುವ ಮುಖಕ್ಕೆ ಇರುವ ದೂರವೇ ಆಫ್‌ಸೆಟ್. ಅದರ ಎರಡರಷ್ಟು, ಜೋಡಿ ಟಯರುಗಳ ನಡುಗೆರೆಗಳ ನಡುವಿನ ಅಂತರ. 10.00-20 ಟಯರಿನ ಅಗಲ ಖಾಲಿ ಇರುವಾಗ 278 ಮಿಮೀ. ಹೊರೆ ಬಿದ್ದು ನೆಲ ತಾಗುವ ಕಡೆ ಹೊಟ್ಟೆ ಉಬ್ಬಿದಾಗ 300ರ ಆಸುಪಾಸು. ಟಯರುಗಳು ಒಂದಕ್ಕೊಂದು ಉಜ್ಜದೆ, ನಡುವೆ ಗಾಳಿಯಾಡುವಂತೆ ಇರಬೇಕಾದರೆ ನಡುಗೆರೆಗಳ ಅಂತರ 320 ಮಿಮೀ ಹತ್ತಿರ ಬೇಕು.

ಅಳೆಯುವುದು ಹೀಗೆ. ಟಯರಿಲ್ಲದ ರಿಮ್ಮನ್ನು, ತಾಗುವ ಮುಖ ಮೇಲೆ ಬರುವಂತೆ ಸಮನಾದ ನೆಲದ ಮೇಲೆ ಮಲಗಿಸಬೇಕು. ಆ ಮುಖದ ಮೇಲೆ ನೇರ ಪಟ್ಟಿಯೊಂದನ್ನು ಅಡ್ಡ ಇಟ್ಟು, ಪಟ್ಟಿಯಿಂದ ರಿಮ್ಮಿನ ಮೇಲಂಚಿಗೆ ಇರುವ ಇಳಿತ ಅಳೆಯಬೇಕು. ಅದು 53 ಮಿಮೀ, ರಿಮ್ಮಿನ ಹೊರಗಿಂದ ಹೊರಗಿನ ಅಗಲ 220 ಮಿಮೀ ಎಂದಿಟ್ಟುಕೊಂಡರೆ, ಅಗಲದ ಅರ್ಧ 110ಕ್ಕೆ 53 ಸೇರಿ ಆಫ್‌ಸೆಟ್ 163. ಎರಡು ಸೇರಿದರೆ 326. ಖಾಲಿ ಟಯರುಗಳ ನಡುವೆ 48 ಮಿಮೀ ಸಂದು. ನಾಲ್ಕು ಬೆರಳು ತೂರದಿದ್ದರೂ ಎರಡು ಬೆರಳು ಸಲೀಸು. ಸಣ್ಣ ಲಾರಿಯಿಂದ ಬಿಚ್ಚಿದ 150 ಆಫ್‌ಸೆಟ್ಟಿನ ಡಿಸ್ಕ್ ಹಾಕಿದರೆ ಅಂತರ 300ಕ್ಕೆ ಇಳಿಯುತ್ತದೆ. ಗ್ಯಾರೇಜಿನಲ್ಲಿ ಖಾಲಿ ಗಾಡಿಗೆ 22 ಮಿಮೀ ಸಂದು ಕಾಣುತ್ತದೆ, ನೋಡಿದವರು ತಲೆಯಾಡಿಸುತ್ತಾರೆ. ಕಬ್ಬು ಹೇರಿದ ಮೇಲೆ ಸಂದು ಉಳಿಯುವುದಿಲ್ಲ. ಎರಡು ಬದಿಗೋಡೆಗಳು ಪ್ರತಿ ಸುತ್ತಿಗೂ ಮುತ್ತಿಕ್ಕುತ್ತ ಕಾಯುತ್ತವೆ, ಹೊಲದಿಂದ ಸಿಕ್ಕಿಕೊಂಡ ಕಲ್ಲೊಂದು ಇದ್ದರೆ ಎರಡನ್ನೂ ಸೀಳುತ್ತದೆ. ಆಫ್‌ಸೆಟ್ ಅತಿಯಾದರೂ ತೊಂದರೆಯೇ: ಒಳ ಟಯರು ಪಾಟಾದ (ಉಕ್ಕಿನ ಪಟ್ಟಿಗಳ ಸ್ಪ್ರಿಂಗಿನ) ಕಟ್ಟಿಗೋ ಚಾಸಿಗೋ ಹತ್ತಿರವಾಗುತ್ತದೆ, ಹೊರ ಟಯರು ಬಾಡಿಯಿಂದ ಹೊರಗೆ ಇಣುಕುತ್ತದೆ, ಬೇರಿಂಗುಗಳ ಮೇಲೆ ಭಾರದ ಹಂಚಿಕೆ ಬದಲಾಗುತ್ತದೆ. ಎರಡು ಡಿಸ್ಕುಗಳ ನಡುವೆ ತಗಡಿನ ಬಳೆ ಇಟ್ಟು ಸಂದು ಹೆಚ್ಚಿಸುವುದು ಪರಿಹಾರವಲ್ಲ. ಘರ್ಷಣೆಯ ಮುಖ ಒಂದು ಹೆಚ್ಚುತ್ತದೆ, ಸ್ಟಡ್ ಅಷ್ಟೇ ಮೊಟಕಾಗುತ್ತದೆ.

ಮುಂದಿನ ಚಕ್ರದಲ್ಲಿ ಅದೇ ಆಫ್‌ಸೆಟ್ ಸ್ಟಿಯರಿಂಗನ್ನು ಮುಟ್ಟುತ್ತದೆ. ಚಕ್ರ ತಿರುಗುವ ಕಿಂಗ್‌ಪಿನ್ನಿನ ಗೆರೆ ನೆಲ ಮುಟ್ಟುವ ಜಾಗಕ್ಕೂ ಟಯರಿನ ನಡುವಿಗೂ ಇರುವ ದೂರ ಹೆಚ್ಚಾದಷ್ಟು ಸ್ಟಿಯರಿಂಗ್ ಭಾರವಾಗುತ್ತದೆ, ಒಂದೇ ಬದಿಯ ಚಕ್ರ ಗುಂಡಿಗಿಳಿದಾಗ ಕೈಯಿಂದ ಕಿತ್ತುಕೊಳ್ಳುತ್ತದೆ. ಪವರ್ ಸ್ಟಿಯರಿಂಗ್ ಇಲ್ಲದ ಹಳೆಯ ಗಾಡಿಯಲ್ಲಿ ಇದು ಚಾಲಕನ ರಟ್ಟೆಗೇ ಗೊತ್ತಾಗುತ್ತದೆ. ಹೊಸ ಡಿಸ್ಕ್ ಹಾಕಿದ ಮೇಲೆ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟಯರು ಪಾಟಾಕ್ಕಾಗಲಿ ಸ್ಟಿಯರಿಂಗಿನ ಡ್ರ್ಯಾಗ್ ಲಿಂಕ್ ಸರಳಿಗಾಗಲಿ ತಾಗದು ಎಂದು ಬಗ್ಗಿ ನೋಡುವುದು ಒಂದು ನಿಮಿಷದ ಕೆಲಸ.

ವ್ಯಾಸದ ವಿಚಾರದಲ್ಲಿ ಜೋಡಿ ಚಕ್ರ ಇನ್ನೂ ಕಟ್ಟುನಿಟ್ಟು. 10.00-20ರ ಹೊರವ್ಯಾಸ ಸುಮಾರು 1055 ಮಿಮೀ, 9.00-20ರದು 1019. ಎರಡೂ 20 ಇಂಚಿನ ರಿಮ್ಮಿನವೇ ಆದ್ದರಿಂದ, ಅವಸರಕ್ಕೆ ಸ್ಟೆಪ್ನಿಯಾಗಿ ಇದ್ದ 9.00ನ್ನು 10.00ರ ಪಕ್ಕದಲ್ಲಿ ಏರಿಸಿಬಿಡುವುದುಂಟು. ತ್ರಿಜ್ಯದಲ್ಲಿ ವ್ಯತ್ಯಾಸ 18 ಮಿಮೀ. ಪೂರ್ತಿ ಹೊರೆಗೆ ಟಯರು ತಗ್ಗುವುದೇ ಸುಮಾರು 30 ಮಿಮೀ. ಎರಡೂ ತಲಾ 30 ತಗ್ಗಬೇಕಾದಲ್ಲಿ ದೊಡ್ಡದು 39, ಚಿಕ್ಕದು 21 ತಗ್ಗಿ ನಿಲ್ಲುತ್ತವೆ. ಭಾರದ ಮೂರರಲ್ಲಿ ಎರಡು ಪಾಲು ದೊಡ್ಡದರ ತಲೆಗೆ. ಅಲ್ಲದೆ ಕಿಲೋಮೀಟರಿಗೆ 10.00ರ ಚಕ್ರ 302 ಸುತ್ತು ಕೇಳುತ್ತದೆ, 9.00ರದು 312. ಒಂದೇ ಹಬ್‌ಗೆ ಕಟ್ಟಿದ ಎರಡಕ್ಕೂ ಬೇರೆ ಬೇರೆ ಸುತ್ತು ಸಾಧ್ಯವಿಲ್ಲ, ಆದ್ದರಿಂದ ಒಂದು ಟಯರು ರಸ್ತೆಯುದ್ದಕ್ಕೂ ಉಜ್ಜಿಕೊಂಡೇ ಹೋಗುತ್ತದೆ. ಜೋಡಿಯ ವ್ಯಾಸಗಳು 6 ಮಿಮೀ ಒಳಗೆ ಹೊಂದಿದರೆ ನಿಶ್ಚಿಂತೆ. ಹೊಸ ಟಯರಿನ ಪಕ್ಕ ಬೋಳು ಟಯರು ಇದ್ದರೂ ಇದೇ ಕಥೆ.

ಹಳೆಯ ಲಾರಿಗೆ ಟ್ಯೂಬ್‌ಲೆಸ್ ಹಾಕಿಸುವ ಆಸೆ ಈಗ ಸಹಜ. ಟ್ಯೂಬ್‌ಲೆಸ್ ರಿಮ್ ಒಂದೇ ತುಂಡು; ನಡುವೆ ಆಳದ ತೋಡು ಇರುವುದರಿಂದ ಬೀಡಿನ ಒಂದು ಬದಿಯನ್ನು ತೋಡಿಗೆ ಇಳಿಸಿ ಇನ್ನೊಂದು ಬದಿಯನ್ನು ತುಟಿ ದಾಟಿಸಬಹುದು. ರಿಂಗೂ ಬೇಡ, ಅದರ ಭಯವೂ ಬೇಡ. ಬೀಡ್ ಕೂರುವ ಜಾಗದ ಇಳಿಜಾರು ಹಳೆಯ ರಿಮ್ಮಿನಲ್ಲಿ 5 ಡಿಗ್ರಿ, ಇದರಲ್ಲಿ 15. ಆದ್ದರಿಂದಲೇ ವ್ಯಾಸಗಳನ್ನೂ ಬೇರೆ ಇಟ್ಟಿದ್ದಾರೆ: 20ರ ಬದಲು 22.5. ಹೆಸರಿನಲ್ಲಿ ಎರಡೂವರೆ ಇಂಚು ದೊಡ್ಡದಾದರೂ ಚಕ್ರ ಎತ್ತರವಾಗುವುದಿಲ್ಲ. 295/80R22.5 ಎಂಬುದನ್ನು ಬಿಡಿಸಿದರೆ ಅಗಲ 295 ಮಿಮೀ, ಬದಿಗೋಡೆ ಅದರ ಶೇಕಡ 80 ಅಂದರೆ 236. ಮೇಲೊಂದು ಕೆಳಗೊಂದು ಸೇರಿ 472, ರಿಮ್ 571.5, ಒಟ್ಟು 1044 ಮಿಮೀ. 10.00-20ಕ್ಕಿಂತ 11 ಮಿಮೀ ಕಡಿಮೆ, ಶೇಕಡ ಒಂದು. ಸ್ಪೀಡೋಮೀಟರಿಗೂ ಗೇರಿಗೂ ಅದು ತಿಳಿಯುವುದೂ ಇಲ್ಲ. ಅಗಲ ಮಾತ್ರ ಹೆಚ್ಚು, ಹಾಗಾಗಿ ಆಫ್‌ಸೆಟ್ಟಿನ ಲೆಕ್ಕ ಮತ್ತೆ ಮಾಡಬೇಕು. ಒಂದೇ ಆಕ್ಸಲಿನಲ್ಲಿ ಒಂದು ಹಳೆಯ ನೈಲಾನ್ ಟಯರು, ಇಂಥ ಒಂದು ರೇಡಿಯಲ್ ಬೆರೆಸುವಂತಿಲ್ಲ. ಎರಡೂ ಹೊರೆಗೆ ಬಾಗುವ ರೀತಿ ಬೇರೆ.

ಘಾಟಿ ಇಳಿಯುವ ಗಾಡಿಗಾದರೆ ಡ್ರಮ್ಮನ್ನು ಮರೆಯಬಾರದು. ಗಡಹಿಂಗ್ಲಜದಿಂದ ಆಜರಾ ದಾಟಿ ಅಂಬೋಲಿ ಘಾಟಿಯಲ್ಲಿ ಕೊಂಕಣಕ್ಕೆ ಇಳಿಯುವ ಲಾರಿಯ ಡ್ರಮ್, ಕೈ ಇಡಲಾಗದಷ್ಟು ಕಾಯುತ್ತದೆ. ಟ್ಯೂಬ್‌ಲೆಸ್ ರಿಮ್ಮಿನ ತೋಡು ಒಳಮುಖವಾಗಿ ಡ್ರಮ್ಮಿನ ಕಡೆಗೇ ಇಳಿದಿರುತ್ತದೆ. ಹಳೆಯ ಡ್ರಮ್ಮಿನ ಹೊರ ಏಣಿಗೂ ತೋಡಿಗೂ ಸುತ್ತಲೂ ಸಂದು ಇದೆಯೇ, ವಾಲ್ವ್ ಎಲ್ಲಾದರೂ ತಾಗುತ್ತದೆಯೇ ಎಂದು ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಬೇಕು. ಅಂಬೋಲಿ ಮಹಾರಾಷ್ಟ್ರದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಆ ದಾರಿಯಲ್ಲಿ ನಾಲ್ಕು ಮಳೆಗಾಲ ಕಂಡ ರಿಂಗಿನ ರಿಮ್ಮಿನ ತೋಡು ಹೊರಗೆ ಎಷ್ಟೇ ಚೆಂದ ಕಂಡರೂ ಒಳಗೆ ಹೊಪ್ಪಳೆ ಎದ್ದಿರುವ ಸಂಭವ ಹೆಚ್ಚು.

ಗುಜರಿಯಲ್ಲಿ ರಿಮ್ಮನ್ನು ಸುತ್ತಿಗೆಯಿಂದ ಬಡಿದು ಗಂಟೆಯಂತೆ ಮೊಳಗಿದರೆ ಒಳ್ಳೆಯದು ಎನ್ನುವ ಪರೀಕ್ಷೆ ಹಳೆಯದು. ದೊಡ್ಡ ಬಿರುಕನ್ನು ಅದು ಹಿಡಿಯುತ್ತದೆ, ಕೂದಲೆಳೆಯದನ್ನು ಹಿಡಿಯುವುದಿಲ್ಲ. ಅದಕ್ಕಿಂತ ನಂಬಿಕೆಯ ದಾರಿ ಈ ಭಾಗದ ಫೌಂಡ್ರಿಗಳಲ್ಲೇ ಬಳಕೆಯಲ್ಲಿದೆ. ಎರಕದ ಭಾಗಗಳಲ್ಲಿ ಬಿರುಕು ಹುಡುಕಲು ಅಲ್ಲಿ ಮೂರು ಡಬ್ಬಿಗಳ ವಿಧಾನ ಉಂಟು: ಮೊದಲ ಡಬ್ಬಿಯ ದ್ರವದಿಂದ ಮೈ ತೊಳೆದು, ಎರಡನೆಯದರಿಂದ ಕೆಂಪು ಬಣ್ಣ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೂರನೆಯದರಿಂದ ಬಿಳಿ ಪುಡಿ ಹಾಯಿಸುತ್ತಾರೆ. ಬಿರುಕಿನೊಳಗೆ ಇಳಿದಿದ್ದ ಕೆಂಪು, ಬತ್ತಿಯಲ್ಲಿ ಎಣ್ಣೆ ಏರಿದಂತೆ ಪುಡಿಗೆ ಏರಿ, ಬಿಳಿಯ ಮೇಲೆ ಕೆಂಪು ಗೆರೆಯಾಗಿ ಮೂಡುತ್ತದೆ. ಸ್ಟಡ್ ತೂತುಗಳ ಸುತ್ತ, ಡಿಸ್ಕಿನ ಕೈ ಕಿಂಡಿಗಳ ಅಂಚು, ಡಿಸ್ಕನ್ನು ರಿಮ್ಮಿಗೆ ಬೆಸೆದ ಗೆರೆ, ಇಷ್ಟು ಕಡೆ ನೋಡಿದರೆ ಸಾಕು. ಗೆರೆ ಮೂಡಿದ ರಿಮ್ಮಿಗೆ ಬೆಲೆ ತೂಕದ ಲೆಕ್ಕದಲ್ಲಿ ಮಾತ್ರ.

ಹೊರೆಯ ಕಾಗದದ ಲೆಕ್ಕವೂ ಇದೆ. ನಾಲ್ಕು ಟಯರಿನ ಒಂಟಿ ಆಕ್ಸಲಿಗೆ ಕಾನೂನು ಒಪ್ಪುತ್ತಿದ್ದ ಭಾರ ಬಹುಕಾಲ 10.2 ಟನ್ ಇತ್ತು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು 11.5 ಟನ್ನಿಗೆ, ಎರಡು ಟಯರಿನ ಮುಂದಿನ ಆಕ್ಸಲಿನದನ್ನು 6ರಿಂದ 7 ಟನ್ನಿಗೆ ಏರಿಸಿತು. ಒಂದು ಟಯರಿನ ಪಾಲು 2.55 ಟನ್ನಿನಿಂದ 2.875 ಟನ್ ಆಯಿತು. ಹಳೆಯ ಡಿಸ್ಕ್ ತಯಾರಾದದ್ದು ಹಳೆಯ ಮಿತಿಯ ಕಾಲದಲ್ಲಿ. ಕಾಗದದಲ್ಲಿ ಮಿತಿ ಏರಿದೊಡನೆ ಅದರ ಉಕ್ಕು ದಪ್ಪವಾಗಲಿಲ್ಲ. ಸಾರಿಗೆ ವಾಹನದ ನೋಂದಣಿಯಲ್ಲಿ ಪ್ರತಿ ಆಕ್ಸಲಿನ ಟಯರುಗಳ ಸಂಖ್ಯೆ ಮತ್ತು ಅಳತೆ ನಮೂದಾಗಿರುತ್ತದೆ. ಅಳತೆ ಬದಲಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡರೆ ಫಿಟ್‌ನೆಸ್ ಹೊತ್ತಿಗೆ ಪೇಚಾಟ ತಪ್ಪುತ್ತದೆ.

ಡಿಸ್ಕ್ ಕೂರಿಸುವಾಗ ನಟ್ಟುಗಳನ್ನು ಸುತ್ತಿನ ಕ್ರಮದಲ್ಲಿ ಬಿಗಿಯಬಾರದು, ಒಂದು ಬಿಗಿದರೆ ಮುಂದಿನದು ಅದರ ಎದುರಿನದು. ಮೊದಲ ಸುತ್ತು ಕೂರುವಷ್ಟು, ಎರಡನೆಯದು ಅರ್ಧ, ಮೂರನೆಯದು ಪೂರ್ತಿ ಬಿಗಿತ. ಆಮೇಲೆ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪಾನಾ ಹಾಕಬೇಕು, ತಾಗುವ ಮುಖಗಳ ಸಣ್ಣ ಉಬ್ಬುಗಳು ಅಷ್ಟರಲ್ಲಿ ಜಜ್ಜಿ ಕೂತಿರುತ್ತವೆ. ಕೊಲ್ಹಾಪುರದಲ್ಲಿ ಡಿಸ್ಕ್ ಬದಲಿಸಿ ಕಾಗಲ, ನಿಪ್ಪಾಣಿ ದಾಟಿ ತವಂದಿ ಘಾಟಿ ಹತ್ತಿ ಗಡಹಿಂಗ್ಲಜಕ್ಕೆ ಹೊರಟ ಲಾರಿಗೆ ಸಂಕೇಶ್ವರದ ಚಹಾ ನಿಲುಗಡೆ ಇದಕ್ಕೆ ಸರಿಯಾದ ಜಾಗ. ಮುಂದಿನ ದಿನಗಳಲ್ಲಿ ನಟ್ಟಿನ ಬುಡದಿಂದ ಡಿಸ್ಕಿನ ಮೇಲೆ ಕೆಂಗಂದು ಗೆರೆಗಳು ಸೂರ್ಯನ ಕಿರಣಗಳಂತೆ ಹರಡಿದ್ದು ಕಂಡರೆ, ಅದು ಉಜ್ಜಾಟದಲ್ಲಿ ಹುಟ್ಟಿದ ತುಕ್ಕಿನ ಪುಡಿ. ಆ ನಟ್ಟು ಸಡಿಲವಿದೆ, ಇಲ್ಲವೇ ಆ ತೂತು ಹಿಗ್ಗತೊಡಗಿದೆ. ಬಿಗಿದ ಮೇಲೂ ಗೆರೆ ಮತ್ತೆ ಮೂಡಿದರೆ ಡಿಸ್ಕ್ ಬಿಚ್ಚಿ ತೂತನ್ನು ಅಳೆಯಬೇಕು.